ಗುಮಾಸ್ತನ ತೃಪ್ತಿ

ತಾಲ್ಲೂಕು ಕಚೇರಿಯ ಒಬ್ಬ ಗುಮಾಸ್ತನಿಗೆ ಹತ್ತೊಂಬತ್ತು ವರ್ಷಗಳಿಂದ ಒಂದೇ ಕೆಲಸ: ಸಾಹೇಬರ ಸಹಿ ಬಿದ್ದ ಕಾಗದಕ್ಕೆ ಸೀಲು ಹೊಡೆದು ಕಳಿಸುವುದು. ಆದರೆ ಸಹಿ ಬಿದ್ದರೆ ತಾನೆ! ವಿಧವಾ ವೇತನಕ್ಕಾಗಿ ದ್ಯಾಮವ್ವ ಎಂಟು ತಿಂಗಳಿಂದ ಅಲೆಯುತ್ತಿದ್ದಳು. ಅವಳ ಶಾಪವೆಲ್ಲ ಇವನ ತಲೆಗೆ.

ಅಷ್ಟರಲ್ಲಿ ಸಾಹೇಬರ ಹೊಸ ಹುಕುಂ ಬಂತು. "ಕೆಲಸದಲ್ಲಿ ತೃಪ್ತಿ ಇದೆ ಅಂತ ಎಲ್ಲರೂ ಬರೆದುಕೊಡಬೇಕು. ಸಂಜೆ ಐದಕ್ಕೆ ಜಿಲ್ಲೆಗೆ ಕಳಿಸಬೇಕು. ಒಬ್ಬರದೂ ತಪ್ಪಬಾರದು! ಸುಳ್ಳು ಬರೆದರೆ ಶಿಸ್ತುಕ್ರಮ!"

ಎಲ್ಲರೂ ತೆಪ್ಪಗೆ ಬರೆದುಕೊಟ್ಟರು. ಗುಮಾಸ್ತ ಮಾತ್ರ ಹೀಗೆ ಬರೆದ: "ಸೀಲು ಹೊಡೆದರೆ ನನಗೆ ತೃಪ್ತಿ. ದ್ಯಾಮವ್ವನ ಕಾಗದ ತಮ್ಮ ಮೇಜಿನ ಮೇಲಿದೆ. ಸಹಿಯಾಗಿ ಬಂದ ಕೂಡಲೇ ತೃಪ್ತನಾಗುತ್ತೇನೆ."

ಸಾಹೇಬರು ಕೆಂಡವಾದರು. "ಏನ್ರೀ ಈ ತಲೆಹರಟೆ? ಸುಮ್ಮನೆ ತೃಪ್ತಿ ಇದೆ ಅಂತ ಬರೀರಿ!"

"ಸುಳ್ಳು ಬರೆದರೆ ಶಿಸ್ತುಕ್ರಮ ಅಂತ ತಮ್ಮ ಹುಕುಮಿನಲ್ಲೇ ಇದೆಯಲ್ಲ, ಸಾಹೇಬ್ರ."

ಗಂಟೆ ನಾಲ್ಕೂ ಮುಕ್ಕಾಲಾಗಿತ್ತು. ಸಾಹೇಬರು ಹಲ್ಲು ಕಡಿಯುತ್ತ ಮೇಜಿನ ಮೇಲಿನ ಕಟ್ಟಿನಿಂದ ದ್ಯಾಮವ್ವನ ಕಾಗದ ಹುಡುಕಿ ಸಹಿ ಗೀಚಿದರು. ಗುಮಾಸ್ತ ಧಡ್ ಎಂದು ಸೀಲು ಹೊಡೆದ.

"ಈಗಲಾದರೂ ತೃಪ್ತಿ ಆಯ್ತೇನ್ರೀ?"

"ಶುರುವಾಯ್ತು, ಸಾಹೇಬ್ರ. ಆ ಕಟ್ಟಿನಲ್ಲಿ ಇನ್ನೂ ನಲವತ್ತು ಕಾಗದ ಇವೆ. ಪೆನ್ನಿನ ಮುಚ್ಚಳ ಹಾಕಬೇಡಿ."