ಹರಿಗೋಲಿನ ಏಳು ಕಲ್ಲು

"ನೀನು ಒಂದು ಮಳೆಗಾಲ ತಡೆಯುವುದಿಲ್ಲ" ಎಂದವನು ಹುಲಿಗೆಮ್ಮನ ದೊಡ್ಡಪ್ಪ ಗಾಳೆಪ್ಪ. ಹರಿಗೋಲು ನಡೆಸಲು ಕಲಿಯುತ್ತೇನೆಂದ ಅವಳಿಗೆ ಹೊಳೆಯ ದಡದಲ್ಲಿ, ಹತ್ತು ಜನರ ಎದುರಿಗೆ ಹೇಳಿದ್ದ. ಹೆಣ್ಣಿನ ತೋಳಿಗೆ ಹುಟ್ಟು ಭಾರ ಎಂದೂ ಸೇರಿಸಿದ್ದ.

ಅವಳು ಅಲ್ಲಿಂದಲೇ ನಡೆದು ಕೆಳಗಿನ ಕಡವಿಗೆ ಹೋಗಿ, ಅಲ್ಲಿದ್ದ ಮುದುಕಿಯ ಕಾಲಿಗೆ ಬಿದ್ದಳು.

ಆ ಮುದುಕಿ ನಲವತ್ತು ವರ್ಷ ಆ ಕಡವಿನಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸಿದವಳು. ಹುಟ್ಟು ಹಾಕಲು ಕಲಿಸುತ್ತಾಳೆಂದು ಎಲ್ಲರೂ ಅವಳನ್ನು ಗುರವ್ವ ಎನ್ನುತ್ತಿದ್ದರು. ಅವಳೂ ಹೆಣ್ಣಲ್ಲವೇ ಎಂದು ಯಾರಾದರೂ ಕೇಳಿದರೆ ಗಾಳೆಪ್ಪ, "ಅದು ಹೆಣ್ಣಲ್ಲ, ಹೊಳೆಯ ಬಂಡೆ" ಎನ್ನುತ್ತಿದ್ದ.

ಮೊದಲ ದಿನ ಗುರವ್ವ ಅವಳನ್ನು ಖಾಲಿ ಹರಿಗೋಲಿನಲ್ಲಿ ಕೂರಿಸಿ ನೀರಿಗೆ ತಳ್ಳಿದಳು. ಆ ದುಂಡನೆಯ ಬುಟ್ಟಿ ಬುಗುರಿಯ ಹಾಗೆ ತಿರುಗಿತು. ಹುಲಿಗೆಮ್ಮ ಉಂಡದ್ದನ್ನೆಲ್ಲ ಹೊಳೆಗೆ ಕೊಟ್ಟಳು.

"ಈಗ ನಿನಗೆ ಏನು ಬೇಕು?" ಎಂದು ಗುರವ್ವ ದಡದಿಂದ ಕೇಳಿದಳು.

"ಇನ್ನಷ್ಟು ಬಲ."

"ಅಲ್ಲ."

ಗುರವ್ವ ಬುಟ್ಟಿಯನ್ನು ದಡಕ್ಕೆಳೆದು, ತನ್ನ ಹಳೆಯ ಹರಿಗೋಲಿನಿಂದ ಏಳು ಕಲ್ಲು ತಂದು ಅವಳ ಸುತ್ತ ಇಟ್ಟಳು. ಹರಿಗೋಲು ನೀರಿನ ಮೇಲೆ ನೆಟ್ಟಗೆ ಕೂತಿತು.

"ಜನ ಇಲ್ಲದಾಗ ಕಲ್ಲಾದರೂ ಇರಬೇಕು. ಖಾಲಿ ಹೋಗಬೇಡ."

ಮೂರು ವರ್ಷ ಕಳೆದವು. ಹುಲಿಗೆಮ್ಮ ತಾನೇ ಬಿದಿರು ಸೀಳಿ, ಚರ್ಮ ಬಿಗಿದು, ಡಾಂಬರು ಬಳಿದು ತನ್ನದೇ ಹರಿಗೋಲು ಕಟ್ಟಿದಳು. ಗುರವ್ವನ ಬಲಭುಜ ಸೋತಿತ್ತು. ಅವಳು ಕಡವನ್ನು ಶಿಷ್ಯೆಗೆ ಬಿಟ್ಟುಕೊಟ್ಟಳು.

ಕಡವು ಕೈಗೆ ಬಂದ ಮೊದಲ ಮಳೆಗಾಲ. ಹೊಳೆ ತುಂಬಿದ ತಿಂಗಳಲ್ಲೇ ಜ್ವರ ಬಂತು.

ಆಸ್ಪತ್ರೆಯಲ್ಲಿ ಟೈಫಾಯ್ಡ್ ಎಂದರು. ಮಾತ್ರೆ ಕೊಟ್ಟರು. ಹದಿನೈದು ದಿನ ಮನೆ ಬಿಟ್ಟು ಕದಲಬೇಡ ಎಂದರು.

ಹದಿನೈದು ದಿನ ಅವಳ ಬಳಿ ಇರಲಿಲ್ಲ. ಒಂಬತ್ತು ಇದ್ದವು.

ಆ ಹೊಳೆಯ ಅಂಬಿಗರಲ್ಲಿ ಒಂದು ಕಟ್ಟಳೆ. ಕಡವು ಯಾರದೋ ಅವರೇ ಹುಟ್ಟು ಹಿಡಿಯಬೇಕು. ಹರಿಗೋಲು ದಡದಲ್ಲಿ ಬೋರಲು ಬಿದ್ದರೆ, ಒಂಬತ್ತನೆಯ ದಿನ ಹೊತ್ತು ಮುಳುಗುವುದರೊಳಗೆ ಒಮ್ಮೆಯಾದರೂ ಜನರನ್ನು ದಾಟಿಸಬೇಕು. ಇಲ್ಲವಾದರೆ ಕಡವು ಮೇಲಿನ ಕಡವಿನವರಿಗೆ ಸೇರುತ್ತದೆ.

ಮೇಲಿನ ಕಡವು ಗಾಳೆಪ್ಪನದು.

ಎರಡು ದಿನ ಅವಳು ಗುಡಿಸಲಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಗೋಡೆಯ ಮೇಲೆ ಒಂದು ಬಿರುಕಿತ್ತು. ಅದನ್ನೇ ನೋಡಿದಳು.

ಮೂರನೆಯ ದಿನ ಗುರವ್ವ ಬಂದಳು. ಒಂದು ಕೈಯಲ್ಲಿ ಬಿಸಿನೀರಿನ ಚೊಂಬು, ಕಂಕುಳಲ್ಲಿ ಒಂದು ಕಲ್ಲು.

"ಹೇಗಿದ್ದೀಯೆ?"

"ಸತ್ತಿಲ್ಲ."

"ಸತ್ತವರೂ ಇಷ್ಟು ನಾರುವುದಿಲ್ಲ. ಎದ್ದು ಕೂತು ಮುಖ ತೊಳಿ."

"ನನ್ನ ಮುಖ ನೋಡುವವರು ಯಾರಿದ್ದಾರೆ?"

"ನಾನು ನೋಡಬೇಕಲ್ಲ, ತಾಯಿ."

ಮುಖ ತೊಳೆದು ಸೀರೆ ಬದಲಿಸುವಷ್ಟರಲ್ಲಿ ಹುಲಿಗೆಮ್ಮ ಎರಡು ಸಲ ಹೊಳೆ ದಾಟಿದಷ್ಟು ದಣಿದಳು. ಬಾಚಣಿಗೆ ಕೈಯಿಂದ ಜಾರಿತು. ಗುರವ್ವ ಹಿಂದೆ ಕೂತು, ಗಟ್ಟಿಯಿದ್ದ ಎಡಗೈಯಿಂದ ಸಿಕ್ಕು ಬಿಡಿಸಿದಳು.

"ನೋಯುತ್ತೆ, ಗುರವ್ವಾ."

"ನೋಯಲಿ. ಎರಡು ದಿನದಿಂದ ಒಂದೇ ಕಡೆ ನೋಯುತ್ತಿತ್ತು."

ಹೋಗುವಾಗ ಅವಳು ಆ ಕಲ್ಲನ್ನು ಗೋಡೆಯ ಗೂಡಿನಲ್ಲಿಟ್ಟಳು.

"ಇದೇನು?"

"ಇವತ್ತಿನದು."

ನಾಲ್ಕನೆಯ ದಿನ ಗುರವ್ವ ಮಂಚವನ್ನು ಎಳೆದಳು. ಗೋಡೆಯ ಕಡೆಗಿದ್ದ ತಲೆ ಕಿಟಕಿಯ ಕಡೆಗೆ ಬಂತು. ಹೊರಗೆ ಹುಣಸೆಮರ. ಮರದಲ್ಲಿ ಎರಡು ಗೊರವಂಕ ಹಕ್ಕಿಗಳು ಕಿರುಚಾಡುತ್ತಿದ್ದವು.

"ಈ ಗಂಡಹೆಂಡಿರದು ದಿನಾ ಜಗಳ. ತಪ್ಪು ಯಾರದೋ ನನಗೆ ತಿಳಿದಿಲ್ಲ. ಸಂಜೆಯೊಳಗೆ ನ್ಯಾಯ ಹೇಳು."

ಸಂಜೆ ಬಂದು ಕೇಳಿದಳು, "ತಪ್ಪು ಯಾರದು?"

"ಗಂಡಿನದು."

"ಗಂಡು ಯಾವುದು ಅಂತ ಹೇಗೆ ತಿಳಿಯಿತು? ಎರಡೂ ಒಂದೇ ಥರ ಇವೆಯಲ್ಲ."

"ಒಂದು ಕಡ್ಡಿ ತರುತ್ತಿತ್ತು. ಇನ್ನೊಂದು ಕೂತಲ್ಲೇ ಕೂತು, ಹೀಗಿಡು ಹಾಗಿಡು ಎಂದು ಕೂಗುತ್ತಿತ್ತು."

ಗುರವ್ವ ಬೊಚ್ಚುಬಾಯಿ ತೆರೆದು ನಕ್ಕಳು. ಗೋಡೆಯ ಗೂಡಿನಲ್ಲಿ ಎರಡನೆಯ ಕಲ್ಲು ಕೂತಿತು.

ಐದನೆಯ ದಿನ ಬೆಳಗ್ಗೆ ಕಡವಿನ ಕಡೆಯಿಂದ ಗಾಳೆಪ್ಪನ ದನಿ ಕೇಳಿಸಿತು. "ಹತ್ತಿ, ಹತ್ತಿ, ಹೆದರಬೇಡಿ. ಇವತ್ತು ಹುಟ್ಟು ಗಂಡಸಿನ ಕೈಯಲ್ಲಿದೆ!" ಅವಳು ಮಲಗಿದ್ದಾಗ ಕೆಳಗಿನ ಕಡವಿನ ಜನರನ್ನೂ ಅವನೇ ದಾಟಿಸುತ್ತಿದ್ದ.

ಗುರವ್ವ ಗಂಜಿ ತಂದಾಗ ಹುಲಿಗೆಮ್ಮ ಬಟ್ಟಲನ್ನು ಸರಿಸಿದಳು. ಗೂಡಿಗೆ ಕೈ ಚಾಚಿ ಒಂದು ಕಲ್ಲು ತೆಗೆದು ಎಸೆದಳು. ಅದು ಗೋಡೆಗೆ ಬಡಿದು ಮಂಚದ ಕೆಳಗೆ ಉರುಳಿತು.

"ನನ್ನ ಕಡವು ಹೋಗುತ್ತಿದೆ. ನೀವು ತಲೆ ಬಾಚು, ಹಕ್ಕಿ ನೋಡು ಅನ್ನುತ್ತೀರಿ. ನಾನೇನು ತೊಟ್ಟಿಲ ಕೂಸಾ?"

ಗುರವ್ವ ಮೊಣಕಾಲೂರಿ, ಮಂಚದ ಕೆಳಗಿನ ಕತ್ತಲಿಗೆ ತೂರಿದಳು. ಬಹಳ ಹೊತ್ತು ತಡಕಾಡಿದಳು. ಸೋತ ಭುಜ ಮಂಚದ ಕಾಲಿಗೆ ತಾಕಿದಾಗ ನರಳಿದಳು.

"ಬಿಡಿ, ಗುರವ್ವಾ. ದಡದ ತುಂಬ ಕಲ್ಲಿದೆ, ನಾಳೆ ಬೇರೆ ತಂದರಾಯಿತು."

ಗುರವ್ವ ಬಿಡಲಿಲ್ಲ. ಆ ಕಲ್ಲನ್ನೇ ಹುಡುಕಿ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಗೂಡಿನಲ್ಲಿಟ್ಟಳು.

"ಖಾಲಿ ಹರಿಗೋಲು ಏನು ಮಾಡುತ್ತೆ?"

"ತಿರುಗುತ್ತೆ."

"ಖಾಲಿ ದಿನ?"

ಆ ದಿನ ಹೊಸ ಕಲ್ಲು ಬರಲಿಲ್ಲ.

ಆರನೆಯ ದಿನ ಮೊಸರು ಮಾರುವ ಮರಿಬಸವ್ವ ಬಂದು ಮಂಚದ ತುದಿಯಲ್ಲಿ ಕೂತಳು.

"ಹೊಳೆ ದಾಟಲು ಬಂದಿದ್ದೆ ಕಣೆ. ನಿನ್ನ ಗುರವ್ವ ಕೈ ಹಿಡಿದು ಎಳೆದು ತಂದಳು. ಒಂದು ಸುದ್ದಿ ಹೇಳಿ ಹೋಗು, ಇಲ್ಲವಾದರೆ ಬಿಡುವುದಿಲ್ಲ ಅಂತಾಳೆ."

"ನನಗೆ ಯಾವ ಸುದ್ದಿಯೂ ಬೇಡ, ಅಕ್ಕಾ."

"ನಿನ್ನ ದೊಡ್ಡಪ್ಪನದೂ ಬೇಡವಾ?"

ಹುಲಿಗೆಮ್ಮ ಅವಳ ಕಡೆಗೆ ಹೊರಳಿದಳು.

"ನಿನ್ನೆ ಒಂದು ಹೋತ ಹತ್ತಿಸಿಕೊಂಡ. ನಡುಹೊಳೆಯಲ್ಲಿ ಅದು ಅವನ ರುಮಾಲಿನ ತುದಿ ಅಗಿಯಲು ಶುರು ಮಾಡಿತು. ಎರಡೂ ಕೈಯಲ್ಲಿ ಹುಟ್ಟು, ಬಿಡುವಂತಿಲ್ಲ. ಹಚ್ಚಾ ಹಚ್ಚಾ ಅಂತಾನೆ, ಅದು ಇನ್ನೊಂದು ಗೇಣು ನುಂಗುತ್ತೆ. ಆಚೆ ದಡ ಮುಟ್ಟಿದಾಗ ಇವನ ತಲೆ ಬೋಳು, ಅದರ ಹೊಟ್ಟೆ ತುಂಬ."

ಹುಲಿಗೆಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಪಕ್ಕೆ ನೋಯುತ್ತಿತ್ತು. "ಸಾಕು ಅಕ್ಕಾ, ಸಾಯುತ್ತೇನೆ" ಎಂದು ಹೊಟ್ಟೆ ಹಿಡಿದುಕೊಂಡಳು.

ಮೂರನೆಯ ಕಲ್ಲನ್ನು ಗುರವ್ವ ಬಾಗಿಲಿನಲ್ಲೇ ನಿಂತು ಅವಳ ಕೈಗೆ ಕೊಟ್ಟಳು. ಅವಳೇ ಗೂಡಿನಲ್ಲಿಟ್ಟಳು.

ಏಳನೆಯ ದಿನ ಗುರವ್ವ ಬೆಲ್ಲ ಕಟ್ಟಿದ್ದ ಕಾಗದವನ್ನು ಬಿಡಿಸಿ ಮುಂದೆ ಹಿಡಿದಳು.

"ಓದು."

ಗುರವ್ವನಿಗೆ ಅಕ್ಷರ ಬಾರದು. ಹುಲಿಗೆಮ್ಮನಿಗೂ ಯಾರೂ ಕಲಿಸಿರಲಿಲ್ಲ. ಗೊಬ್ಬರದ ಚೀಲ, ಬಸ್ಸಿನ ಹಲಗೆ, ಜನ ಬಿಟ್ಟುಹೋದ ಕಾಗದದ ಚೂರು, ಇವುಗಳಿಂದ ಒಂದೊಂದೇ ಅಕ್ಷರ ಹಿಡಿದು ಕಲಿತವಳು. ಈಗಲೂ ಗಟ್ಟಿಯಾಗಿಯೇ ಓದುತ್ತಿದ್ದಳು.

"ಮಾವಿನಕಾಯಿಯನ್ನು ತೊಳೆದು ಒರೆಸಿ, ಹೋಳು ಮಾಡಿ, ಉಪ್ಪು ಬೆರೆಸಿಡಿ. ಮೂರನೆಯ ದಿನ..."

"ಮೂರನೆಯ ದಿನ?"

"ಇಲ್ಲಿಗೆ ಹರಿದಿದೆ."

"ಅಯ್ಯೋ, ಕಾಯಿ ಕೆಟ್ಟುಹೋಗುತ್ತೆ. ಮುಂದಿನದು ನೀನೇ ಹೇಳು."

"ಸಾಸಿವೆ ಅರೆದು ಹಾಕಬೇಕು."

"ಮೊದಲು ಮೆಂತ್ಯ ಹುರಿಯಬೇಕು."

"ನಮ್ಮವ್ವ ಮೆಂತ್ಯ ಹಾಕುತ್ತಿರಲಿಲ್ಲ."

"ಅದಕ್ಕೇ ನಿನಗೆ ಇಷ್ಟು ಖಾರ."

ಎರಡು ತಾಸು ಇಬ್ಬರೂ ಇಲ್ಲದ ಉಪ್ಪಿನಕಾಯಿಗೆ ಜಗಳವಾಡಿದರು. ಏಳು ದಿನದಲ್ಲಿ ಮೊದಲ ಸಲ ಹುಲಿಗೆಮ್ಮನ ಬಾಯಲ್ಲಿ ನೀರೂರಿತು. ಉಪ್ಪಿನಕಾಯಿ ಕೇಳಿದಳು, ಸಿಗಲಿಲ್ಲ. ಗಂಜಿಯನ್ನೇ ಬಟ್ಟಲು ಬರಿದಾಗುವವರೆಗೆ ಕುಡಿದಳು. ಗೂಡಿಗೆ ನಾಲ್ಕನೆಯ ಕಲ್ಲು ಬಂತು.

ಎಂಟನೆಯ ದಿನ ಹೇಳುವಂಥದ್ದೇನೂ ಇರಲಿಲ್ಲ. ಮಧ್ಯಾಹ್ನ ಕಿಟಕಿಯಿಂದ ಒಂದು ತುಂಡು ಬಿಸಿಲು ಬಂದು ಅವಳ ಪಾದದ ಮೇಲೆ ಬಿತ್ತು. ಅವಳು ಪಾದ ಎಳೆದುಕೊಳ್ಳಲಿಲ್ಲ. ಬಿಸಿಲು ಸರಿದಂತೆ ಪಾದವನ್ನೂ ಅದರ ಜೊತೆಗೆ ಸರಿಸಿದಳು.

ಗುರವ್ವ ಅದಕ್ಕೂ ಒಂದು ಕಲ್ಲು ಕೊಟ್ಟಳು.

"ಐದಾದವು. ನನ್ನ ಬಳಿ ಇನ್ನೆರಡು ಇವೆ" ಎಂದಳು.

ಒಂಬತ್ತನೆಯ ದಿನ ಇಳಿಹೊತ್ತಿನಲ್ಲಿ ಹುಲಿಗೆಮ್ಮ ಎದ್ದಳು. ಗೋಡೆ ಹಿಡಿದು ಬಾಗಿಲಿಗೆ, ಬಾಗಿಲಿನಿಂದ ಮರಕ್ಕೆ, ಮರದಿಂದ ಕಡವಿಗೆ ಬಂದಳು. ಗಾಳೆಪ್ಪ ದಡದಲ್ಲಿ ಕೂತು ಸೂರ್ಯನನ್ನು ನೋಡುತ್ತಿದ್ದ. ತಲೆಗೆ ಹೊಸ ರುಮಾಲು ಸುತ್ತಿದ್ದ.

"ಏನಮ್ಮಾ, ಹೊಳೆ ನೋಡಲು ಬಂದೆಯಾ?"

ಅವಳು ಹಲ್ಲು ಕಚ್ಚಿ ಹರಿಗೋಲನ್ನು ಮಗುಚಿದಳು. ನೀರಿಗೆ ದೂಡಿದಳು. ಹತ್ತಿ ಕೂತು, ಕಣ್ಣು ಕತ್ತಲಿಟ್ಟದ್ದು ತಿಳಿಯಾಗಲೆಂದು ಕಾದಳು. ಆಚೆ ದಡದಲ್ಲಿ ನಾಲ್ಕು ಜನ ಕೈ ಬೀಸುತ್ತಿದ್ದರು.

ಹರಿಗೋಲು ಒಮ್ಮೆ ತೂಗಿತು. ಗುರವ್ವ ಹತ್ತಿ ಬಂದು ಎದುರಿಗೆ ಕೂತಿದ್ದಳು.

"ನೀವು ಬೇಡ, ಗುರವ್ವಾ. ಇಳಿಯಿರಿ."

"ಜನರನ್ನು ದಾಟಿಸಿದರೆ ತಾನೆ ಕಡವು ಉಳಿಯುವುದು? ನಾನು ಜನ ಅಲ್ಲವಾ? ನಡಿ."

ಹುಲಿಗೆಮ್ಮ ಹುಟ್ಟು ಹಾಕಿದಳು. ಹರಿಗೋಲು ಒಂದು ಸುತ್ತು ತಿರುಗಿತು. ಮತ್ತೆ ಹಾಕಿದಳು. ಮತ್ತೊಂದು ಸುತ್ತು. ಹುಣಸೆಮರ ಬಂತು, ಆಚೆ ದಡ ಬಂತು, ಮತ್ತೆ ಹುಣಸೆಮರ ಬಂತು. ಬೆವರು ಕಣ್ಣಿಗಿಳಿಯಿತು. ಉಸಿರು ಸಿಕ್ಕಿಕೊಂಡಿತು. ದಡ ಮಾತ್ರ ಮಾರು ದೂರವೂ ಹೋಗಿರಲಿಲ್ಲ.

ಗಾಳೆಪ್ಪ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ ಎದ್ದು ನಿಂತ.

"ಹಗ್ಗ" ಎಂದಳು ಗುರವ್ವ.

ಹುಲಿಗೆಮ್ಮ ತಿರುಗಿ ನೋಡಿದಳು. ಹರಿಗೋಲಿನ ಹಗ್ಗ ಇನ್ನೂ ಮರದ ಬೇರಿಗೆ ಕಟ್ಟಿಯೇ ಇತ್ತು. ಮೂರು ವರ್ಷದಲ್ಲಿ ಒಮ್ಮೆಯೂ ಅವಳು ಹಗ್ಗ ಮರೆತಿರಲಿಲ್ಲ. ಇವತ್ತು ಕಲ್ಲೂ ಇಟ್ಟಿರಲಿಲ್ಲ. ಐದು ಕಲ್ಲು ಗೂಡಿನಲ್ಲೇ ಇದ್ದವು.

"ಬಿಚ್ಚಲಾ?" ಎಂದು ಗುರವ್ವ ಕೇಳಿದಳು. ಅವಳ ದನಿಯಲ್ಲಿ ಅಣಕವಿರಲಿಲ್ಲ. ಎಡಗೈ ಆಗಲೇ ಹಗ್ಗದ ಮೇಲಿತ್ತು.

ಹುಲಿಗೆಮ್ಮ ಸೂರ್ಯನನ್ನು ನೋಡಿದಳು. ಇನ್ನೂ ಒಂದು ಗೇಣು ಹೊತ್ತಿತ್ತು. ಮಣ್ಣಿನ ಬಣ್ಣದ ಸೆಳವನ್ನು ನೋಡಿದಳು. ಆಮೇಲೆ ಎದುರಿಗೆ, ಸೋತ ಭುಜವನ್ನು ಮಡಿಲಿಗೆಳೆದುಕೊಂಡು ಕೂತಿದ್ದ ಮುದುಕಿಯನ್ನು ನೋಡಿದಳು.

ಹುಟ್ಟನ್ನು ಕೆಳಗಿಟ್ಟಳು.

"ಬೇಡ."

ಹೊತ್ತು ಇಳಿಯಿತು. ಗಾಳೆಪ್ಪ ತನ್ನ ಹರಿಗೋಲು ಬಿಚ್ಚಿಕೊಂಡು ಆಚೆ ದಡದವರನ್ನು ಕರೆತರಲು ಹೋದ. ಇಬ್ಬರೂ ಕಟ್ಟಿದ ಹರಿಗೋಲಿನಲ್ಲಿ ಕೂತೇ ಇದ್ದರು.

"ಕಡವು ಹೋಯಿತು, ಗುರವ್ವಾ."

"ಹೋಯಿತು."

"ನಿಮ್ಮ ನಲವತ್ತು ವರ್ಷದ ಕಡವು."

ಗುರವ್ವ ಸೆರಗಿನ ಗಂಟು ಬಿಚ್ಚಿ ಆರನೆಯ ಕಲ್ಲನ್ನು ಅವಳ ಮಡಿಲಿಗಿಟ್ಟಳು. ಬಹಳ ಕೈಗಳು ಸವರಿದಂತೆ, ಅಥವಾ ಒಂದೇ ಕೈ ಬಹಳ ಸಲ ಸವರಿದಂತೆ, ಅದು ನುಣುಪಾಗಿತ್ತು.

ಹುಲಿಗೆಮ್ಮ ಅದನ್ನು ಕೈಯಲ್ಲಿ ಹಿಡಿದು ಕೇಳಿದಳು, "ನಿಮಗೂ ಜ್ವರ ಬಂದಿರಬೇಕಲ್ಲ. ನೀವು ಒಂಬತ್ತನೆಯ ದಿನ ಏಳಲಿಲ್ಲವಾ?"

ಗುರವ್ವ ನೀರಿನ ಕಡೆಗೆ ನೋಡುತ್ತ ಹೇಳಿದಳು:

"ಎದ್ದೆ. ಕಲ್ಲು ಹೊತ್ತು ತರಲು ತ್ರಾಣ ಇರಲಿಲ್ಲ, ಹಾಗೇ ಹೋದೆ. ಕಡವು ಉಳಿಯಿತು, ಅದನ್ನು ನಿನಗೆ ಕೊಟ್ಟೆ. ಈಗ ನನ್ನದು ಅಂತ ಇರುವುದು ಈ ಏಳು ಕಲ್ಲು. ಇವನ್ನು ಬಿಟ್ಟು ಹೋದದ್ದಕ್ಕೆ ನಾನು ಹೊಳೆಗೆ ಕೊಟ್ಟದ್ದು, ನೀನು ಕೂತ ಹಾಗೇ ನನ್ನೆದುರು ಕೂತಿದ್ದ ನನ್ನ ತಂಗಿಯನ್ನು."