ಟೈರು ಬಾಡಿಗೆ ಬರಬಾರದು

ಕತೆ ಕೇಳೋರು ಸ್ವಲ್ಪ ಕಿವಿ ಕೊಡಿ. ಕೊಡಿ ಅಂದರೆ ಇತ್ತ ತಿರುಗಿಸಿ ಅಂತ, ಅಷ್ಟೇ. ಇದೇ ಮಾತನ್ನು ನಮ್ಮ ಕೊಟ್ರೇಶನಿಗೆ ಹೇಳಿದ್ದರೆ ‘ಎಡಗಿವಿಯೋ ಬಲಗಿವಿಯೋ’ ಎಂದು ಕೇಳಿ ಕುಡುಗೋಲು ಹುಡುಕುತ್ತಿದ್ದ.

ಗುಡ್ಡದ ಬುಡದಲ್ಲಿ ಒಂದು ಊರು. ಆ ಊರಲ್ಲಿ ಹಾಲಮ್ಮ. ಹಾಲಮ್ಮನಿಗೆ ಒಬ್ಬನೇ ಮಗ, ಅವನೇ ಕೊಟ್ರೇಶ. ವಯಸ್ಸು ಇಪ್ಪತ್ತಾರು. ಸ್ಟೇರಿಂಗ್ ಹಿಡಿದರೆ ಅವನಷ್ಟು ನಯವಾಗಿ ಗಾಡಿ ಓಡಿಸುವವರು ಸುತ್ತ ಹತ್ತೂರಲ್ಲಿ ಇಲ್ಲ. ಕುಡಿದವನಲ್ಲ, ಸುಳ್ಳು ಹೇಳಿದವನಲ್ಲ, ಹೇಳಿದ ಮಾತು ಮೀರಿದವನಲ್ಲ. ಕಷ್ಟವೆಲ್ಲ ಆ ಮೂರನೆಯದರಲ್ಲೇ ಇತ್ತು. ಹೇಳಿದ್ದಕ್ಕಿಂತ ಒಂದು ಎಳ್ಳು ಹೆಚ್ಚು ಮಾಡುತ್ತಿರಲಿಲ್ಲ, ಒಂದು ಎಳ್ಳು ಕಡಿಮೆಯೂ ಮಾಡುತ್ತಿರಲಿಲ್ಲ.

ಗಂಡ ಬಿಟ್ಟುಹೋದ ದೊಡ್ಡ ಜೀಪೊಂದು ಹಾಲಮ್ಮನಿಗಿತ್ತು. ತಂದ ದಿನ ಹೇಗಿತ್ತೋ ಹಾಗೇ ಇತ್ತು. ಎತ್ತರ ಮಾಡಿಸಿರಲಿಲ್ಲ, ಒಂದು ತಗಡು ಕತ್ತರಿಸಿರಲಿಲ್ಲ. ಗುಡ್ಡದ ಮೇಲಿನ ಶಾಲೆಗೆ ಐದು ಜನ ಮೇಡಂಗಳನ್ನು ದಿನಾ ಹತ್ತಿಸಿ ಇಳಿಸುವ ಬಾಡಿಗೆ ಆ ಜೀಪಿನದು. ರೊಟ್ಟಿ ಮಾರಿದ ಕಾಸು ಸಾಲದು, ಆ ಬಾಡಿಗೆಯಿಂದಲೇ ಮನೆ ನಡೆಯಬೇಕು.

ಆದರೆ ಗುಡ್ಡದ ಮೊದಲ ತಿರುವಿನಲ್ಲೇ ದಾರಿಯ ನಡುವೆ ಒಂದು ಬಂಡೆ ಎದ್ದಿತ್ತು. ಜೀಪು ಅದನ್ನು ದಾಟುವಾಗ ಹೊಟ್ಟೆ ಬಂಡೆಗೆ ಉಜ್ಜಿ ‘ಕರ್ರ್’ ಅನ್ನುತ್ತಿತ್ತು. ಆ ಸದ್ದು ಕೆಳಗೆ ರೊಟ್ಟಿ ಬಡಿಯುತ್ತ ಕೂತ ಹಾಲಮ್ಮನಿಗೂ ಕೇಳುತ್ತಿತ್ತು. ಅರ್ಧ ಬೆರಳಿನ ಜಗಳ, ಅದಕ್ಕಿಂತ ಹೆಚ್ಚಿಲ್ಲ. ಆದರೂ ದಿನಾ ಜಗಳವೇ.

ಒಂದು ಮಂಗಳವಾರ ಹೆಡ್‌ಮೇಡಂ ಇಂದುಮತಿ ಇಳಿದು ಬಂದು ಹೇಳಿದರು:

“ನೋಡಿ ಹಾಲಮ್ಮ, ನಮ್ಮ ಕಾಲ ಕೆಳಗೇ ಬಂಡೆ ಉಜ್ಜುತ್ತೆ. ಯಾವತ್ತಾದರೂ ಏನಾದರೂ ಒಡೆದರೆ ನಮ್ಮ ಗತಿ ಏನು? ಸೋಮವಾರದೊಳಗೆ ಸರಿ ಮಾಡಿಸಿ, ಅಲ್ಲಿಯವರೆಗೆ ನಡೆದೇ ಹತ್ತುತ್ತೇವೆ. ಇಲ್ಲದಿದ್ದರೆ ಪಕ್ಕದ ಊರಿನ ಗಾಡಿಗೆ ಹೇಳುತ್ತೇವೆ.”

“ಮಾಡಿಸ್ತೀನಿ ಮೇಡಂ. ಟೈರು ಹೆಂಗೂ ಸವೆದಾವೆ. ದೊಡ್ಡವು ಹಾಕಿಸಿದ್ರೆ ಗಾಡಿ ಎದ್ದು ನಿಲ್ಲುತ್ತೆ.”

ಬುಧವಾರ ಬೆಳಿಗ್ಗೆ ಹಾಲಮ್ಮ ಮಗನನ್ನು ಕರೆದಳು. ಖಾನಾವಳಿಗೆ ರೊಟ್ಟಿ ಹೋಗಬೇಕು, ಅವಳು ಏಳುವಂತಿಲ್ಲ.

“ಲೇ ಕೊಟ್ರಾ, ಪೇಟೆಗೆ ಹೋಗು. ರಜಾಕ್ ಸಾಬರ ಅಂಗಡೀಲಿ ದೊಡ್ಡ ಟೈರು ತಗೊಂಡು ಬಾ.”

“ಎಷ್ಟು ದೊಡ್ಡದವ್ವ?”

“ದೊಡ್ಡದು ಅಂದ್ರೆ ದೊಡ್ಡದು! ಅದನ್ನೂ ಹೇಳಿಕೊಡಬೇಕಾ?”

ಕೊಟ್ರೇಶ ಹೋದ. “ಸಾಬರೇ, ನಿಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಟೈರು ಯಾವುದು?”

“ಟ್ರ್ಯಾಕ್ಟರಿನ ಹಿಂದಿನದು ತಮ್ಮಾ.”

“ಅದೇ ಕೊಡಿ.”

ಯಾರದೋ ಟ್ರ್ಯಾಕ್ಟರಿಗೆ ಇರಬೇಕು ಎಂದುಕೊಂಡು ಸಾಬರು ಕೊಟ್ಟರು. ಟೈರು ಜೀಪಿನೊಳಗೆ ಹಿಡಿಯಲಿಲ್ಲ. ಜೀಪು ಅಲ್ಲೇ ಬಿಟ್ಟು, ಆರು ಮೈಲಿ ಟೈರು ಉರುಳಿಸಿಕೊಂಡು ಬಂದ. ಬಾಗಿಲಲ್ಲಿ ನಿಂತು ಕೂಗಿದ, ಟೈರಿನ ಹಿಂದೆ ಅವನ ತಲೆಯ ತುದಿ ಮಾತ್ರ ಕಾಣುತ್ತಿತ್ತು.

“ಲೇ! ಇದು ಟೈರಾ, ಬಾವಿ ಕಟ್ಟೆಯಾ?”

“ಟೈರೇ ಕಣವ್ವ. ದೊಡ್ಡದು ಅಂದ್ರೆ ದೊಡ್ಡದು. ಹೇಳಿದ ಹಾಗೇ ಮಾಡೀನಿ. ತಪ್ಪೇನೈತೆ?”

“ಅಯ್ಯೋ ನನ್ನ ಹಣೆಬರವೇ! ಗಾಡಿ ಹೊಟ್ಟೆ ಬಂಡೆಗೆ ಉಜ್ಜುತ್ತೆ, ನನ್ನ ಹೊಟ್ಟೆ ನಿನ್ನಿಂದ ಉರಿಯುತ್ತೆ! ಅಳತೆ ಇಲ್ಲದೆ ಟೈರು ತರ್ತಾರೇನಲೇ? ಗಾಡಿ ಟೈರಿನ ಪಕ್ಕದಾಗೆ ನಂಬರು ಬರೆದಿರ್ತದೆ. ಅದನ್ನು ಸಾಬರಿಗೆ ಹೇಳು. ಅದಕ್ಕಿಂತ ಒಂದು ಜಾಸ್ತಿ ತಗೊಂಡು ಬಾ. ತಿಳೀತಾ? ಒಂದೇ ಒಂದು ಜಾಸ್ತಿ!”

“ತಿಳೀತವ್ವ. ಒಂದು ಜಾಸ್ತಿ.”

ಗುರುವಾರ ಕೊಟ್ರೇಶ ಆ ಬಾವಿ ಕಟ್ಟೆಯನ್ನು ಮತ್ತೆ ಆರು ಮೈಲಿ ಉರುಳಿಸಿಕೊಂಡು ಹೋಗಿ ಒಪ್ಪಿಸಿದ. ತನ್ನ ಜೀಪಿನ ಮುಂದೆ ಕೂತು ಟೈರಿನ ನಂಬರನ್ನು ಮೂರು ಸಲ ಓದಿದ, ಸಾಬರಿಗೆ ಹೇಳಿದ. ಸಂಜೆ ಬಂದವನ ಮುಖದಲ್ಲಿ ಪಾಸಾದವನ ಕಳೆ.

“ಬಂದೆ ಕಣವ್ವ. ನಂಬರು ನೋಡಿಯೇ ತಂದೀನಿ.”

ಹಾಲಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಹೊಸ ಟೈರು ನೋಡಿದಳು. ಹಳೆಯದರ ಪಕ್ಕ ನಿಲ್ಲಿಸಿದಳು. ಎರಡೂ ಒಂದೇ ಎತ್ತರ. ಅವಳಿ ಮಕ್ಕಳ ಹಾಗೆ.

“ಲೇ, ಇವು ಮೊದಲಿನ ಅಳತೆಯವೇ ಅಲ್ಲೇನು?”

“ಹೌದವ್ವ. ಅದೇ ನಂಬರು.”

“ಒಂದು ಜಾಸ್ತಿ ತಾ ಅಂದಿದ್ನಲ್ಲೋ!”

“ತಂದೀನಲ್ಲ! ಸ್ಟೆಪ್ನಿ ಸೇರಿ ಗಾಡೀಲಿ ಐದಿದ್ದವು. ನಾನು ಆರು ತಂದೀನಿ. ಎಣಿಸಿ ನೋಡು. ಒಂದು ಜಾಸ್ತಿ. ಹೇಳಿದ ಹಾಗೇ ಮಾಡೀನಿ. ತಪ್ಪೇನೈತೆ?”

ಹಾಲಮ್ಮ ಎಣಿಸಿದಳು. ಆರು. ಒಂದು ಗಳಿಗೆ ಅವಳಿಗೇ ಏನು ತಪ್ಪು ಅಂತ ಹೊಳೆಯಲಿಲ್ಲ. ಹೊಳೆದ ಮೇಲೆ ಹಣೆ ಚಚ್ಚಿಕೊಂಡಳು, ಹಣೆ ತುಂಬ ಹಿಟ್ಟಾಯಿತು.

“ಇನ್ನು ನಿನಗೆ ನಂಬರು ಹೇಳಿದ್ರೆ ನನ್ನ ನಾಲಿಗೆಗೆ ಬರೆ ಹಾಕು... ಬೇಡ ಬೇಡ, ಹಾಕಬೇಡ! ಮಾತಿಗೆ ಹೇಳಿದ್ದು! ನಾಳೆ ಸೀದಾ ಹೋಗು. ಸಾಬರಿಗೆ ಗಾಡಿ ತೋರಿಸು. ತಿಳಿದೋರು ಅವರು, ಗಾಡಿ ನೋಡಿದ್ರೆ ಸಾಕು.”

ಶುಕ್ರವಾರ ಕೊಟ್ರೇಶ ಆರೂ ಟೈರು ಹೇರಿಕೊಂಡು ಹೋಗಿ ಇಳಿಸಿದ. ಜೀಪನ್ನು ಅಂಗಡಿಯ ಬಾಗಿಲಿಗೇ ತಂದ.

“ಸಾಬರೇ, ಇದು ಗಾಡಿ.”

ಸಾಬರು ಕನ್ನಡಕ ಏರಿಸಿದರು. “ಹೌದಪ್ಪ, ಗಾಡಿ.”

“ನೋಡಿದ್ರಾ?”

“ನೋಡಿದೆ.”

“ಬರ್ತೀನಿ.”

ಹನ್ನೊಂದು ಗಂಟೆಗೆಲ್ಲ ಮನೆಯಲ್ಲಿದ್ದ. ಹಾಲಮ್ಮ ಬೈಯಲಿಲ್ಲ. ಬೈಗುಳ ಮುಗಿದಿತ್ತು. ಗುಡ್ಡದ ತಿರುವಿನ ಕಡೆ ಒಮ್ಮೆ ನೋಡಿ, ಮಗನನ್ನು ಎದುರಿಗೆ ಕೂರಿಸಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದಳು:

“ಕೊಟ್ರಾ, ಇವತ್ತು ಶುಕ್ರವಾರ. ಸೋಮವಾರ ಮೇಡಂನೋರು ಬರ್ತಾರೆ. ಈ ಬಾಡಿಗೆ ಹೋದ್ರೆ ನಮ್ಮ ಒಲೆ ಉರಿಯಲ್ಲ. ನಾಳೆ ಸಾಬರ ಹತ್ರ ಹೋಗು. ಬಂಡೆ ವಿಷಯ ಹೇಳು. ಅಲ್ಲೇ ನಿಲ್ಲು. ಟೈರು ಹಾಕಿಸಿಕೊಂಡೇ ಬಾ. ಸಾಬರು ಏನು ಹೇಳ್ತಾರೋ ಒಂದಕ್ಷರ ಬಿಡಬೇಡ, ಹಾಗೇ ನಡ್ಕೋ.”

“ಒಂದಕ್ಷರ ಬಿಡಲ್ಲವ್ವ.”

ಶನಿವಾರ ಕೊಟ್ರೇಶ ನಿಂತ. ಬಂಡೆಯ ವಿಷಯ ಹೇಳಿದ. ರಜಾಕ್ ಸಾಬರು ಅವಸರದ ಮನುಷ್ಯರಲ್ಲ. ಜೀಪಿನ ಕೆಳಗೆ ಮಲಗಿ ನೋಡಿದರು. ಮೊದಲು ಎರಡು ಅಳತೆ ದೊಡ್ಡ ಟೈರು ಮುಂದಕ್ಕೆ ಹಾಕಿ, “ತಿರುಗಿಸು” ಅಂದರು. ಕೊಟ್ರೇಶ ಸ್ಟೇರಿಂಗು ಪೂರ್ತಿ ತಿರುಗಿಸಿದ. ಟೈರು ಒಳಗಿನ ತಗಡಿಗೆ ತಾಗಿ ಸರಸರ ಉಜ್ಜಿತು.

“ಕೇಳಿಸ್ತಾ? ಇದು ಆಗಲ್ಲ. ಗಾಡಿ ಎತ್ತರ ಮಾಡಿಸಿ, ತಗಡು ಕೊಯ್ಸಿ ಇಂಥವು ಹಾಕೋರು ಅದಾರೆ. ನಿಮ್ಮಪ್ಪ ಏನೂ ಮಾಡಿಸಿಲ್ಲ, ಗಾಡಿ ತಂದ ಹಾಗೇ ಐತೆ. ಹಾಗೇ ಇರಲಿ. ಟೈರಿನ ನಂಬರು ಇನ್ನೂರ ಹದಿನೈದು ಇತ್ತು, ಇನ್ನೂರ ಮೂವತ್ತೈದು ಹಾಕ್ತೀನಿ. ಒಂದು ಬೆರಳು ಏಳುತ್ತೆ. ನಿನ್ನ ಬಂಡೆಗೆ ಅಷ್ಟು ಸಾಕು. ಟೈರು ದೊಡ್ಡದಾಗಿದ್ದಕ್ಕೆ ಮೀಟರು ನಲವತ್ತು ತೋರಿಸಿದ್ರೆ ಗಾಡಿ ನಲವತ್ತೆರಡು ಹೋಗ್ತಿರ್ತದೆ, ನೆನಪಿರಲಿ.”

ಹಾಕಿದರು. ಅಂಗಡಿಯ ಐದು ಜನರನ್ನು ಕೂರಿಸಿ ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಎಲ್ಲೂ ತಾಗಲಿಲ್ಲ. ಸಾಬರು ಕೈ ಒರೆಸಿಕೊಂಡು ಕೊನೆಯ ಮಾತು ಹೇಳಿದರು:

“ದೊಡ್ಡ ಟೈರಿಗೆ ಒಂದೇ ಕಾನೂನು ತಮ್ಮಾ. ಏನೇ ಆಗಲಿ, ಟೈರು ಬಾಡಿಗೆ ಬರಬಾರದು. ಬಾಡಿಗೆ ಬಂತೋ, ಟೈರು ಹಾಳಾಯ್ತು ಅಂತಲೇ ತಿಳ್ಕೋ.”

ಕೊಟ್ರೇಶ ಗಾಬರಿಯಾದ. “ಮತ್ತೆ ಗಾಡಿ, ಸಾಬರೇ? ಗಾಡಿ ಬಾಡಿಗೆ ಬರಬಹುದಾ?”

“ಗಾಡಿ ಬರದೆ ಮತ್ತೇನು? ನಿಮ್ಮ ಹೊಟ್ಟೆಪಾಡೇ ಅದಲ್ಲವಾ! ನಾನು ಹೇಳಿದ್ದು ಟೈರಿನ ಮಾತು.”

“ಗಾಡಿ ಬರಬಹುದು. ಟೈರು ಬರಬಾರದು.”

“ಶಭಾಷ್!” ಅಂದರು ಸಾಬರು.

ಮನೆಗೆ ಬಂದ ಜೀಪನ್ನು ಹಾಲಮ್ಮ ಸುತ್ತು ಹಾಕಿ ನೋಡಿದಳು. ಹೊಟ್ಟೆ ಒಂದು ಬೆರಳು ಎದ್ದಿತ್ತು. ಐದು ದಿನದಲ್ಲಿ ಮೊದಲ ಸಲ ಮಗನ ತಲೆ ಸವರಿದಳು. ಭಾನುವಾರ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿ ಬಡಿಸಿದಳು.

ಸೋಮವಾರ ಎಂಟು ಗಂಟೆ. ಐದು ಜನ ಮೇಡಂಗಳು ಚೀಲ ಹಿಡಿದು, ಮಾತಿನ ಭರದಲ್ಲಿ, ಹಿತ್ತಲ ಕಡೆಯಿಂದ ಬಂದು ಜೀಪು ಹತ್ತಿ ಕೂತರು. ಹತ್ತುವಾಗಲೇ ಹೆಡ್‌ಮೇಡಂಗೆ ಖುಷಿ.

“ಪರವಾಗಿಲ್ಲವೇ, ಗಾಡಿ ಚೆನ್ನಾಗಿ ಎತ್ತರ ಆಗಿದೆ! ಏನು ಕೊಟ್ರೇಶ, ಬಾಡಿಗೆ ಬರುತ್ತದಾ?”

“ಗಾಡಿ ಬರುತ್ತೆ ಮೇಡಂ!” ಎಂದು ಕೊಟ್ರೇಶ ಕೀಲಿ ತಿರುಗಿಸಿದ. ಗೇರು ಹಾಕಿದ. ಎಂಜಿನ್ ಗುರುಗುಟ್ಟಿತು. ಎದುರಿನ ಬೇವಿನ ಮರ ಇದ್ದಲ್ಲೇ ಇತ್ತು. ಗುಡ್ಡ ಇದ್ದಲ್ಲೇ ಇತ್ತು.

ಸದ್ದು ಕೇಳಿ ಹಾಲಮ್ಮ ಹೊರಗೆ ಬಂದಳು. ಬಗ್ಗಿ ನೋಡಿದಳು. ಜೀಪು ನಾಲ್ಕು ಮೂಲೆಯಲ್ಲಿ ನಾಲ್ಕು ಸೈಜುಗಲ್ಲಿನ ಮೇಲೆ ಕೂತಿತ್ತು. ಒಂದು ಟೈರೂ ಇರಲಿಲ್ಲ.

“ಲೇ ಕೊಟ್ರಾ! ಟೈರು ಎಲ್ಲೋ?”

“ಒಳಗೆ ಜೋಳದ ಚೀಲದ ಹಿಂದೆ ಇಟ್ಟೀನವ್ವ. ಬೆಳಿಗ್ಗೆ ಎದ್ದು ನಾಲ್ಕೂ ಬಿಚ್ಚಿದೆ. ಟೈರು ಬಾಡಿಗೆ ಬರಬಾರದಂತೆ. ಬಂದ್ರೆ ಹಾಳಂತೆ. ಗಾಡಿ ಬರಬಹುದಂತೆ. ಸಾಬರು ಹೇಳಿದ ಹಾಗೇ ಮಾಡೀನಿ. ತಪ್ಪೇನೈತೆ?”

“ಬಾಡಿ ಕಣಲೇ, ಬಾಡಿ! ಗಾಡಿ ಮೈ! ಮೈಗೆ ತಾಗಬಾರದು ಅಂತ ಅವರಂದ್ರೆ...” ಹಾಲಮ್ಮ ಹೆಡ್‌ಮೇಡಂ ಕಡೆ ತಿರುಗಿದಳು. ಸೆರಗು ಬಾಯಿಗೆ ಹೋಯಿತು. “ಮೇಡಂ, ದಮ್ಮಯ್ಯ, ಟೈರು ಸರಿಯಾಗೇ ಅದಾವೆ. ಬಂಡೆ ದಾಟ್ತದೆ. ಇವನ ತಲೆ ಒಂದು...”

ಇಂದುಮತಿ ಮೇಡಂ ಇಳಿದರು. ಉಳಿದವರನ್ನೂ ಇಳಿಸಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ.

“ಹಾಲಮ್ಮ, ತಪ್ಪು ಅವನದಲ್ಲ, ಹೇಳಿದವರದು. ನೀವೆಲ್ಲ ಅರ್ಧ ಹೇಳುತ್ತೀರಿ, ಉಳಿದರ್ಧ ಅವನು ಊಹಿಸಬೇಕು ಅನ್ನುತ್ತೀರಿ. ನಾನು ಇಪ್ಪತ್ತೆರಡು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದ್ದೇನೆ. ಹೇಳುವುದು ಹೇಗೆ ಅಂತ ನೋಡಿ. ಇವತ್ತು ಬಂಡೆಗೆ ತಾಗದಿದ್ದರೆ ಬಾಡಿಗೆ ನಿಮ್ಮದೇ. ತಾಗಿತೋ, ಪಕ್ಕದ ಊರಿನ ಗಾಡಿ. ಕೊಟ್ರೇಶ, ಇಲ್ಲಿ ನೋಡು.”

ಬೆರಳು ಮಡಿಸುತ್ತ ಹೇಳಿದರು.

“ಒಂದು. ನಾಲ್ಕೂ ಟೈರು ತಂದು ಅವುಗಳ ಜಾಗಕ್ಕೆ ಜೋಡಿಸು.”

“ಜೋಡಿಸ್ತೀನಿ.”

“ಎರಡು. ನಟ್ಟುಗಳನ್ನು ಬಿಗಿ ಮಾಡು. ಎಲ್ಲ ನಟ್ಟುಗಳನ್ನೂ.”

“ಎಲ್ಲವನ್ನೂ.”

“ಮೂರು. ಕಲ್ಲು ತೆಗೆದು ಗಾಡಿ ಇಳಿಸು. ನಾಲ್ಕು. ಗಾಡಿ ಹತ್ತಿ, ಸ್ಟಾರ್ಟ್ ಮಾಡಿ, ಬಂಡೆ ದಾಟಿಸಿ, ಗುಡ್ಡ ಹತ್ತಿಸು. ಐದು. ಶಾಲೆಯ ಗೇಟಿನ ಮುಂದೆ ನಿಲ್ಲಿಸು. ನಡುವೆ ಎಲ್ಲೂ ನಿಲ್ಲಿಸಕೂಡದು, ಯಾರು ಕೂಗಿದರೂ. ತಿಳಿಯಿತಾ?”

“ತಿಳೀತು ಮೇಡಂ,” ಅಂದ ಕೊಟ್ರೇಶ. ಅವನ ಕಣ್ಣು ತುಂಬಿತ್ತು. ಇಷ್ಟು ಚೆನ್ನಾಗಿ ಅವನಿಗೆ ಯಾರೂ ಹೇಳಿರಲಿಲ್ಲ.

ಹಾಗೇ ಮಾಡಿದ. ಟೈರು ಜೋಡಿಸಿದ. ನಟ್ಟು ಬಿಗಿ ಮಾಡಿದ. ಕಲ್ಲು ತೆಗೆದ, ಗಾಡಿ ಇಳಿಸಿದ. ಹೆಡ್‌ಮೇಡಂ ಹಾಲಮ್ಮನ ಕಡೆ ತಿರುಗಿ, “ನೋಡಿದಿರಾ?” ಅಂದರು. ಮೇಡಂಗಳು ಚೀಲ ಎತ್ತಿಕೊಂಡರು, ಸೆರಗು ಸರಿ ಮಾಡಿಕೊಂಡರು. ಅಷ್ಟರಲ್ಲಿ ಕೊಟ್ರೇಶ ಗಾಡಿ ಹತ್ತಿದ. ಸ್ಟಾರ್ಟ್ ಮಾಡಿದ. ಹೊರಟ.

“ಏ! ಏ ಕೊಟ್ರೇಶ! ನಿಲ್ಲಿಸೋ!”

ಯಾರು ಕೂಗಿದರೂ ನಿಲ್ಲಿಸಕೂಡದು. ಕೊಟ್ರೇಶ ನಿಲ್ಲಿಸಲಿಲ್ಲ.

ಐದು ಜನ ಮೇಡಂಗಳೂ ಹಾಲಮ್ಮನೂ ಅಂಗಳದಲ್ಲಿ ನಿಂತು ನೋಡಿದರು. ಜೀಪು ಮೊದಲ ತಿರುವಿಗೆ ಬಂತು. ಬಂಡೆ ಹತ್ತಿತು. ಹಾಲಮ್ಮ ಕಿವಿಗೊಟ್ಟಳು. ಬಂಡೆಗೂ ಜೀಪಿನ ಹೊಟ್ಟೆಗೂ ನಡುವೆ ಒಂದು ಗೆರೆ ಬೆಳಕು ಕಂಡಿತು. ಸದ್ದೇ ಇಲ್ಲ. ದಾಟಿತು.

“ತಾಗಲಿಲ್ಲ,” ಅಂದರು ಹೆಡ್‌ಮೇಡಂ. “ಬಾಡಿಗೆ ನಿಮ್ಮದೇ ಹಾಲಮ್ಮ.”

“ನಿಮ್ಮ ಪುಣ್ಯ ಮೇಡಂ.”

“ಅವನು ಈಗ ವಾಪಸ್ಸು ಬರುತ್ತಾನಲ್ಲ?”

ಹಾಲಮ್ಮ ಬೆರಳು ಮಡಿಸಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯದು ಇರಲಿಲ್ಲ.

ಮೇಡಂಗಳು ಚಪ್ಪಲಿ ಕೈಗೆ ತೆಗೆದುಕೊಂಡು ಗುಡ್ಡ ಹತ್ತತೊಡಗಿದರು. ಮೇಲೆ ಶಾಲೆಯ ಗೇಟಿನ ಮುಂದೆ, ಸರಿಯಾಗಿ ನಡುವೆ, ಕೊಟ್ರೇಶ ಜೀಪು ನಿಲ್ಲಿಸಿ ಕೂತಿದ್ದ. ಇಳಿ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.