ಹಲ್ಲಿಯ ಸಾಕ್ಷಿ

ಸಾವಂತ್ರಮ್ಮನ ಮನೆಯ ಗೋಡೆಯಲ್ಲೊಂದು ಹಲ್ಲಿ ಇತ್ತು. ಯಾರು ಏನೇ ಹೇಳಿದರೂ ಅದು ಲೊಚಗುಟ್ಟುತ್ತಿತ್ತು. ಸಾವಂತ್ರಮ್ಮ ಕೂಡಲೇ ಬೆರಳಿಂದ ನೆಲ ಕುಟ್ಟಿ, "ನೋಡಿ, ಹಲ್ಲಿಯೂ ಹೇಳಿತು, ಸತ್ಯ" ಎನ್ನುತ್ತಿದ್ದಳು. ಹಲ್ಲಿಯ ಬಾಲ ಹೆಮ್ಮೆಯಿಂದ ಕುಣಿಯುತ್ತಿತ್ತು.

ಒಂದು ದಿನ ಸೊಸೆ ರೇಡಾನ್ ಅಳೆಯುವ ಪುಟ್ಟ ಯಂತ್ರವೊಂದನ್ನು ತಂದು ಮಗು ಮಲಗುವ ಕೋಣೆಯಲ್ಲಿಟ್ಟಳು. "ನೆಲದಡಿಯ ಕಲ್ಲುಮಣ್ಣಿನಿಂದ ಏಳುವ ಅನಿಲ, ಅತ್ತೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದಂತೆ."

"ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ ಕಣೆ. ಇದ್ದಿದ್ದರೆ ವಾಸನೆ ಬರುತ್ತಿರಲಿಲ್ಲವೇ?" ಎಂದಳು ಸಾವಂತ್ರಮ್ಮ. ಹಲ್ಲಿ ಲೊಚಗುಟ್ಟಿತು. ಆಕೆ ನೆಲ ಕುಟ್ಟಿದಳು.

"ನನ್ನ ತೀರ್ಪು ಮುಗಿಯಿತು, ನಿನ್ನದೇನು?" ಎಂದು ಹಲ್ಲಿ ಯಂತ್ರವನ್ನು ಕೇಳಿತು.

"ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ಬಾಗಿಲು ಮುಚ್ಚಿಸಿ ಒಂದು ವಾರ ಕೊಡು" ಎಂದಿತು ಯಂತ್ರ.

"ವಾರವೇ? ಅಷ್ಟರಲ್ಲಿ ನಾನು ನೂರು ಸತ್ಯ ಹೇಳಿ ಮುಗಿಸುತ್ತೇನೆ." ಹಲ್ಲಿ ನಕ್ಕಿತು, ನಗುವ ಭರದಲ್ಲಿ ಕಾಲು ಜಾರಿ ಯಂತ್ರದ ನೆತ್ತಿಯ ಮೇಲೆಯೇ ಬಿತ್ತು.

ವಾರ ಕಳೆಯಿತು. ಯಂತ್ರದಲ್ಲಿ ಕೆಂಪು ದೀಪ ಹೊತ್ತಿತು. ಗಾರೆಯವನು ಬಂದು ಅನಿಲ ನುಸುಳುವ ದಾರಿ ಹುಡುಕಿದ. ನೆಲ ಬಿರುಕು ಬಿಟ್ಟಿದ್ದು ಸಾವಂತ್ರಮ್ಮ ದಿನವೂ ಬೆರಳಿಂದ ಕುಟ್ಟುತ್ತಿದ್ದ ಜಾಗದಲ್ಲೇ. ಅವನು ಬಿರುಕು ಮುಚ್ಚಿ, ಗಾಳಿ ಹೊರಗೆಳೆಯುವ ಫ್ಯಾನು ಕೂರಿಸಿ ಹೋದ.

"ಇನ್ನು ಮನೆ ಕ್ಷೇಮ" ಎಂದ ಸಾವಂತ್ರಮ್ಮ, ಬೆರಳೆತ್ತಿಕೊಂಡು ಗೋಡೆಯತ್ತ ನೋಡುತ್ತ ಕಾದಳು.

ಹಲ್ಲಿ ಬಾಯಿ ತೆರೆಯಿತು. ಯಂತ್ರದ ಕಡೆಗೊಮ್ಮೆ ಕಣ್ಣು ಹಾಯಿಸಿತು. ಎದುರಿಗೆ ಬಂದ ಸೊಳ್ಳೆಯೊಂದನ್ನು ನುಂಗಿ, "ಒಂದು ವಾರ ಕೊಡು" ಎಂದಿತು.